ಸೋಮಾರಿ ಕಣ್ಣು: ದೊಡ್ಡ ಮಕ್ಕಳಲ್ಲಿ ಚಿಕಿತ್ಸೆ

ಎಳವೆಯಲ್ಲಿ ಒಂದು ಕಣ್ಣಿನ ಬಿಂಬ ಮಿದುಳಿಗೆ ಸ್ಪಷ್ಟವಾಗಿ ತಲುಪದೆ ಅದರ ನೋಟ ಬೆಳೆಯದೆ ಉಳಿಯುವ ದೋಷವೇ ಸೋಮಾರಿ ಕಣ್ಣು, ಅಂದರೆ ಆಂಬ್ಲಿಯೋಪಿಯಾ. ಮೆಳ್ಳೆಗಣ್ಣು, ಎರಡು ಕಣ್ಣುಗಳ ಪವರ್‌ನಲ್ಲಿ ಅಂತರ, ಹುಟ್ಟುಪೊರೆ ಮುಖ್ಯ ಕಾರಣಗಳು. ಏಳು ವರ್ಷ ದಾಟಿದರೆ ಚಿಕಿತ್ಸೆಯಿಂದ ಫಲವಿಲ್ಲವೆಂಬ ಹಳೆಯ ನಂಬಿಕೆಯನ್ನು 2005ರ ಅಮೆರಿಕದ ಅಧ್ಯಯನವೊಂದು ಸಡಿಲಿಸಿತು. 7–12 ವರ್ಷದ ಮಕ್ಕಳಿಗೆ ಕನ್ನಡಕದೊಂದಿಗೆ ದಿನಕ್ಕೆ 2–6 ತಾಸು ಒಳ್ಳೆಯ ಕಣ್ಣಿಗೆ ಪಟ್ಟಿ, ಆ ಕಣ್ಣಿನ ನೋಟ ಮಸುಕಾಗಿಸುವ ಅಟ್ರೋಪಿನ್ ಹನಿ, ಓದು-ಬರಹದಂಥ ಹತ್ತಿರದ ಕೆಲಸ ಕೊಟ್ಟಾಗ ಶೇ. 53 ಮಂದಿ ಸುಧಾರಿಸಿದರು. ಬರೀ ಕನ್ನಡಕದಿಂದ ಶೇ. 25. ಹದಿಹರೆಯದಲ್ಲಿ ಪಟ್ಟಿಯ ಲಾಭ ಕಂಡದ್ದು ಹಿಂದೆ ಚಿಕಿತ್ಸೆಯನ್ನೇ ಪಡೆಯದವರಲ್ಲಿ. ದೋಷ ಪತ್ತೆಯಾಗದೆ, ಚಿಕಿತ್ಸೆ ಸಿಗದೆ ಮಕ್ಕಳು ದೊಡ್ಡವರಾಗಿರಬಹುದಾದ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲ್ಲೂಕುಗಳಿಗೆ ಈ ಮಾತೇ ಮುಖ್ಯ. ಅಂಥವರನ್ನು ಗುರುತಿಸಲು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆ 18 ವರ್ಷದವರೆಗೂ ಇದೆ. ಆದರೆ ತಪಾಸಣೆಯಲ್ಲಿ ಒಂದೊಂದೇ ಕಣ್ಣು ಮುಚ್ಚಿಸಿ ನೋಡದಿದ್ದರೆ ದೋಷ ತಿಳಿಯದೆ ಹೋಗಬಹುದು.