ಮೊಸಳೆ ಯಾರು, ಮಗು ಯಾರು? ಒಬ್ಬ ವ್ಯಂಗ್ಯಚಿತ್ರಕಾರ, ಎರಡು ಶಾಲೆ

ಇವತ್ತಿನ ಸಂಚಿಕೆ ಪೂರ್ತಿ ವ್ಯಂಗ್ಯಚಿತ್ರಗಳ ಬಗ್ಗೆ. ಆಡಿಯೊದಲ್ಲಿ ಚಿತ್ರ ತೋರಿಸೋಕಾಗಲ್ಲ. ನಾನು ಹೇಳ್ತಾ ಹೋಗ್ತೀನಿ, ನೀವು ಮನಸ್ಸಲ್ಲೇ ಬಿಡಿಸ್ಕೊಳ್ಳಿ.

ಒಂದು ನದಿಯ ದಡ. ನೀರಿನಿಂದ ಮೊಸಳೆಗಳು ಸಾಲಾಗಿ ಮೇಲಕ್ಕೆ ತೆವಳಿ ಬರ್ತಿವೆ. ದಡದಲ್ಲಿ ಪುಟ್ಟ ಮಕ್ಕಳು ಹೆದರಿ ಮುದುಡಿದ್ದಾರೆ. ಅವರ ಮುಂದೆ ಒಬ್ಬ ಮೇಷ್ಟ್ರು ಅಡ್ಡ ನಿಂತಿದ್ದಾನೆ. ಹಿಂದೆ ಪಾಳುಬಿದ್ದ ಸರ್ಕಾರಿ ಶಾಲೆ, ಅದರ ಮೇಲೆ ತಲೆಕೆಳಗಾದ ಅಮೆರಿಕದ ಬಾವುಟ. ಮೇಲೆ ಬಂಡೆಯ ಅಂಚಿನಲ್ಲಿ ರಾಜಕಾರಣಿಗಳು ನಿಂತು ಇನ್ನಷ್ಟು ಮಕ್ಕಳನ್ನು ಕೆಳಕ್ಕೆ ಇಳಿಸ್ತಿದ್ದಾರೆ. ಈಗ ಮೊಸಳೆಗಳನ್ನು ಹತ್ತಿರದಿಂದ ನೋಡಿ. ಅವು ಮೊಸಳೆಗಳೇ ಅಲ್ಲ, ನೆಲಕ್ಕೆ ಬಾಗಿದ ಬಿಷಪ್‌ಗಳು. ಬಿಷಪ್‌ಗಳು ತಲೆಗಿಡುವ ಎತ್ತರದ ಕಿರೀಟದಂಥ ಟೋಪಿಗೆ ಎರಡು ಚೂಪು ತುದಿ ಇರುತ್ತಲ್ಲ, ಅದೇ ಇಲ್ಲಿ ಹಲ್ಲು ತುಂಬಿದ ಬಾಯಿ.

ಇದನ್ನು ಬರೆದವನು ಥಾಮಸ್ ನಾಸ್ಟ್. ಪ್ರಕಟವಾಗಿದ್ದು 'ಹಾರ್ಪರ್ಸ್ ವೀಕ್ಲಿ' ಪತ್ರಿಕೆಯಲ್ಲಿ, 1871ರ ಸೆಪ್ಟೆಂಬರ್ 30ರಂದು. ಹೆಸರು ಕೇಳಿ ನೀವು ಒಂದು ಕ್ಷಣ ನಿಲ್ತೀರಿ: 'ಅಮೆರಿಕದ ಗಂಗಾ ನದಿ'.

ನ್ಯೂಯಾರ್ಕಿನ ಜಗಳಕ್ಕೆ ನಮ್ಮ ಗಂಗೆ ಯಾಕೆ ಬಂದಳು? ಹಿಂದೂ ತಾಯಂದಿರು ಹೆತ್ತ ಮಕ್ಕಳನ್ನೇ ಗಂಗೆಯ ಮೊಸಳೆಗಳಿಗೆ ಎಸೀತಾರೆ ಅನ್ನೋ ಕಥೆಯನ್ನು ಮಿಷನರಿ ಬರಹಗಳಲ್ಲಿ ಅಮೆರಿಕನ್ನರು ಓದಿಕೊಂಡೇ ಬೆಳೆದಿದ್ದರು. ಇದಕ್ಕೆ ಒಂದು ಸಣ್ಣ ಬೇರು ಇತ್ತು. ಗಂಗಾಸಾಗರದಲ್ಲಿ ಹರಕೆ ಅಂತ ಮಗುವನ್ನು ನೀರಿಗೆ ಬಿಡುವ ಪದ್ಧತಿ ಇತ್ತು, ಗವರ್ನರ್ ಜನರಲ್ ವೆಲ್ಲೆಸ್ಲಿ 1802ರಲ್ಲಿ ಅದನ್ನು ನಿಷೇಧಿಸಿದ. ಆದ್ರೆ ಎಲ್ಲೋ ನಡೆದಿದ್ದು ಇಡೀ ಧರ್ಮದ ದಿನಚರಿ ಅನ್ನೋ ಹಾಗೆ ಸಮುದ್ರದಾಚೆ ತಲುಪಿತ್ತು. ನಾಸ್ಟ್ ಆ ಸಿದ್ಧ ಭಯವನ್ನು ಎತ್ತಿ ಬೇರೊಬ್ಬರ ಮೇಲೆ ಹೊದಿಸಿದ. ಒಂದೇ ಚಿತ್ರದಲ್ಲಿ ಎರಡು ಧರ್ಮದವರಿಗೆ ಏಟು. ಅದರಲ್ಲಿ ಒಬ್ಬರಿಗೆ ಏಟು ಬಿದ್ದಿದ್ದೇ ಗೊತ್ತಿಲ್ಲ.

ಸರಿ, ಜಗಳ ಏನು? ನಾನು ಕಾಮರ್ಸ್ ಓದಿದವನು, ಮೊದಲು ದುಡ್ಡಿನ ದಾರಿ ಹುಡುಕ್ತೀನಿ. ನ್ಯೂಯಾರ್ಕ್ ನಗರ ಆಗ ಟ್ಯಾಮನಿ ಹಾಲ್ ಅನ್ನೋ ರಾಜಕೀಯ ಕೂಟದ ಹಿಡಿತದಲ್ಲಿತ್ತು. ಅದರ ಯಜಮಾನ ವಿಲಿಯಂ ಟ್ವೀಡ್. ಅವನ ಓಟಿನ ಬಲ ಐರಿಶ್ ಕ್ಯಾಥೊಲಿಕ್ ವಲಸಿಗರು. 1869ರಲ್ಲಿ ಟ್ವೀಡ್ ಬಣ ಒಂದು ತೆರಿಗೆ ಮಸೂದೆಯೊಳಗೆ ಸದ್ದಿಲ್ಲದೆ ಒಂದು ಅಂಶ ಸೇರಿಸಿತು: ಸಾರ್ವಜನಿಕ ಹಣ ಚರ್ಚ್ ಶಾಲೆಗಳಿಗೂ ಹೋಗಬಹುದು. ಲಾಭ ಹೆಚ್ಚಾಗಿ ಕ್ಯಾಥೊಲಿಕ್ ಶಾಲೆಗಳಿಗೆ. ಟ್ವೀಡ್ ಬಣ ನಗರದ ಖಜಾನೆ ದೋಚಿದ್ದೂ ನಿಜ, 1871ರ ಜುಲೈನಲ್ಲಿ 'ನ್ಯೂಯಾರ್ಕ್ ಟೈಮ್ಸ್' ಲೆಕ್ಕಪತ್ರ ಸಮೇತ ಬಯಲು ಮಾಡಿತ್ತು. ಅಂದ್ರೆ ನಾಸ್ಟ್‌ನ ಸಿಟ್ಟಿಗೆ ಕಾರಣ ಇರಲಿಲ್ಲ ಅಂತಲ್ಲ.

ಆದ್ರೆ ಕ್ಯಾಥೊಲಿಕ್ಕರು ಬೇರೆ ಶಾಲೆ ಯಾಕೆ ಕೇಳಿದರು? ಉತ್ತರ ಚಿತ್ರದಲ್ಲೇ ಇದೆ. ಮೇಷ್ಟ್ರ ಕೋಟಿನ ಎದೆಯ ಹತ್ತಿರ ನೋಡಿ, ಒಂದು ಪುಸ್ತಕ ಸಿಕ್ಕಿಸಿಕೊಂಡಿದ್ದಾನೆ. ಬೈಬಲ್. ಆಗಿನ ಸರ್ಕಾರಿ ಶಾಲೆಗಳಲ್ಲಿ ಸಾಮಾನ್ಯವಾಗಿ ಪ್ರಾಟೆಸ್ಟೆಂಟರ ಕಿಂಗ್ ಜೇಮ್ಸ್ ಬೈಬಲ್ ಓದಿಸ್ತಿದ್ದರು. ಪ್ರಾಟೆಸ್ಟೆಂಟ್ ಮನೆಯವರಿಗೆ ಅದು 'ಎಲ್ಲರ ಶಾಲೆ', ಕ್ಯಾಥೊಲಿಕ್ ಮನೆಯವರಿಗೆ 'ಅವರ ಶಾಲೆ'. ಧರ್ಮದಿಂದ ಶಾಲೆಯನ್ನು ಕಾಪಾಡಿ ಅಂತ ಕೂಗೋ ಚಿತ್ರದ ನಾಯಕನ ಎದೆಯಲ್ಲೇ ಧರ್ಮಗ್ರಂಥ. ನಾಸ್ಟ್‌ಗೆ ಇದು ವಿರೋಧಾಭಾಸ ಅನ್ನಿಸಲೇ ಇಲ್ಲ. ನಮ್ಮ ನಂಬಿಕೆ ನಮಗೆ ಗಾಳಿ ಇದ್ದ ಹಾಗೆ, ಕಣ್ಣಿಗೆ ಕಾಣಲ್ಲ. ಬೇರೆಯವರದ್ದು ಮಾತ್ರ ಹಲ್ಲು ಬಿಟ್ಟು ಬಂದ ಹಾಗೆ ಕಾಣುತ್ತೆ.

ನಿಜವಾಗಿ ಯಾರು ಯಾರ ಮೇಲೆ ಬಿದ್ದಿದ್ದರು? 1844ರಲ್ಲಿ ಫಿಲಡೆಲ್ಫಿಯಾದಲ್ಲಿ ಇದೇ ಶಾಲೆ–ಬೈಬಲ್ ವಿವಾದದ ಕಾವಿನಲ್ಲಿ ಗಲಭೆ ಆಯ್ತು. ಸುಟ್ಟುಹೋಗಿದ್ದು ಸೇಂಟ್ ಮೈಕಲ್ ಮತ್ತು ಸೇಂಟ್ ಆಗಸ್ಟೀನ್ ಅನ್ನೋ ಎರಡು ಕ್ಯಾಥೊಲಿಕ್ ಚರ್ಚ್‌ಗಳು. ಚಿತ್ರದಲ್ಲಿ ಮೊಸಳೆಗಳಾದವರದ್ದೇ.

ಇಷ್ಟಕ್ಕೇ ನಿಲ್ಲಿಸಿದ್ರೆ 'ನಾಸ್ಟ್ ಒಬ್ಬ ದ್ವೇಷಿ' ಅಂತ ಹೇಳಿ ಮುಗಿಸಬಹುದಿತ್ತು. ಆದ್ರೆ ಇದೇ ಕೈ ಮೂರು ವರ್ಷದ ನಂತರ ಇನ್ನೊಂದು ಶಾಲೆ ಬರೀತು.

1874ರ ಅಕ್ಟೋಬರ್ 24. ಚಿತ್ರದ ಮೇಲೆ 'ಗುಲಾಮಗಿರಿಗಿಂತ ಘೋರ' ಅನ್ನೋ ಅರ್ಥದ ಬರಹ. ಮಧ್ಯೆ ಮಗುವಿನೊಂದಿಗೆ ಕುಗ್ಗಿ ಕೂತ ಕಪ್ಪು ದಂಪತಿ. ಅವರ ತಲೆ ಮೇಲೆ ತಲೆಬುರುಡೆ. ಅದರ ಮೇಲೆ ಇಬ್ಬರು ಕೈ ಕುಲುಕ್ತಿದ್ದಾರೆ: ಒಬ್ಬ ವೈಟ್ ಲೀಗ್‌ನವನು, ಇನ್ನೊಬ್ಬ ಕು ಕ್ಲಕ್ಸ್ ಕ್ಲಾನ್‌ನವನು. ಹಿಂದೆ ಮರಕ್ಕೆ ನೇತುಹಾಕಿದ ದೇಹ. ಆಚೆ ಕಡೆ ಒಂದು ಶಾಲೆ ಹೊತ್ತಿ ಉರೀತಿದೆ.

ಶಾಲೆಗೆ ಯಾಕೆ ಬೆಂಕಿ? ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸೋದೇ ಅಪರಾಧವಾಗಿತ್ತು. ಅಂತರ್ಯುದ್ಧ ಮುಗಿದ ಮೇಲೆ ಬಿಡುಗಡೆಯಾದವರು ಮೊದಲು ಹಂಬಲಿಸಿದ್ದರಲ್ಲಿ ಶಾಲೆಯೂ ಒಂದು. ಹಾಗಾಗಿ ದಾಳಿ ಮಾಡುವವರ ಕಣ್ಣೂ ಮೊದಲು ಅಲ್ಲಿಗೇ ಹೋಯ್ತು. 1866ರ ಮೇ ತಿಂಗಳಲ್ಲಿ ಮೆಂಫಿಸ್‌ನಲ್ಲಿ ಬಿಳಿಯರ ಗುಂಪು 46 ಕಪ್ಪು ಜನರನ್ನು ಕೊಂದಿತು. ಸುಟ್ಟಿದ್ದರಲ್ಲಿ 12 ಶಾಲೆಗಳೂ 4 ಚರ್ಚ್‌ಗಳೂ ಇದ್ದವು. ಅಂದ್ರೆ 1874ರ ಚಿತ್ರದ ಬೆಂಕಿ ಕಲ್ಪನೆ ಅಲ್ಲ.

ಎರಡೂ ಚಿತ್ರ ಪಕ್ಕಪಕ್ಕ ಇಡಿ. ಎರಡರಲ್ಲೂ ಶಾಲೆ ಹಾಳಾಗ್ತಿದೆ, ಎರಡರಲ್ಲೂ ಮಗು ಇದೆ, ಎರಡೂ 'ಉಗ್ರವಾದ ಬಂತು, ಎಚ್ಚರ' ಅಂತಾವೆ. ಕಲಾವಿದ ಒಬ್ಬನೇ, ಕೌಶಲ ಒಂದೇ. ಒಂದು ಸುಳ್ಳು ಭಯ, ಇನ್ನೊಂದು ನಿಜವಾದ ಸಾಕ್ಷಿ. ಬರೀ ಚಿತ್ರ ನೋಡಿ ಇದನ್ನು ಹೇಳೋಕಾಗಲ್ಲ ಅನ್ನೋದೇ ನನ್ನ ವಾದ. ಚಿತ್ರದ ಹೊರಗೆ ಹೋಗಿ ಕೇಳಬೇಕು: ಈ ಶಾಲೆಗೆ ನಿಜವಾಗಿ ಏನಾಯ್ತು? ಬೆಂಕಿ ಎಲ್ಲಿ ಬಿತ್ತು, ಯಾರ ಗೋಡೆಗೆ? ಆಮೇಲೆ ಒಳಗೆ ಬಂದು ನೋಡಬೇಕು: ಮನುಷ್ಯರ ಮುಖ ಯಾರಿಗೆ ಕೊಟ್ಟಿದ್ದಾರೆ, ಯಾರನ್ನು ಪ್ರಾಣಿ ಮಾಡಿದ್ದಾರೆ? ಮೊದಲನೆಯದರಲ್ಲಿ ಆ ಬಿಷಪ್‌ಗಳಿಗೆ ಮುಖವೇ ಇಲ್ಲ, ಬರೀ ಬಾಯಿ. ಮುಖ ಇಲ್ಲದವರ ಜೊತೆ ಯಾರೂ ಮಾತುಕತೆಗೆ ಕೂರಲ್ಲ, ಅಲ್ವಾ?

ಕಥೆ 1871ಕ್ಕೇ ಮುಗಿಯಲಿಲ್ಲ. 1875ರಲ್ಲಿ ಜೇಮ್ಸ್ ಬ್ಲೇನ್ ಅನ್ನೋ ನಾಯಕ, ಧಾರ್ಮಿಕ ಪಂಥಗಳ ಶಾಲೆಗೆ ಸಾರ್ವಜನಿಕ ಹಣ ಕೊಡಬಾರದು ಅಂತ ಸಂವಿಧಾನ ತಿದ್ದುಪಡಿ ತಂದ. ಕೆಳಮನೆಯಲ್ಲಿ 180–7 ಮತಗಳಿಂದ ಗೆದ್ದಿತು, ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಬಹುಮತ ಸಿಗದೆ ಬಿತ್ತು. ಆದ್ರೆ ಹಲವು ರಾಜ್ಯಗಳು ತಮ್ಮ ಸಂವಿಧಾನಗಳಲ್ಲಿ ಅಂಥದ್ದೇ ನಿಯಮ ಬರೆದುಕೊಂಡವು. ಅದರಲ್ಲಿ ಮೊಂಟಾನಾ ಕೂಡ ಒಂದು.

2020ರ ಜೂನ್ 30ರಂದು ಮೊಂಟಾನಾದ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರಿಂದ ತೀರ್ಪು ಕೊಟ್ಟಿತು: ವಿದ್ಯಾರ್ಥಿವೇತನ ಯೋಜನೆಯಿಂದ ಧಾರ್ಮಿಕ ಶಾಲೆಗಳನ್ನು ಧರ್ಮದ ಕಾರಣಕ್ಕೆ ಹೊರಗಿಡುವಂತಿಲ್ಲ. ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೊ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ, ಇಂಥ ನಿಯಮಗಳ ಹಿಂದೆ ಕ್ಯಾಥೊಲಿಕ್ ದ್ವೇಷ ಇತ್ತು ಅಂತ ತೋರಿಸೋಕೆ ಆ ಮೊಸಳೆ ಚಿತ್ರವನ್ನೇ ಅಚ್ಚು ಹಾಕಿದರು! ದ್ವೇಷ ಹಬ್ಬಿಸೋಕೆ ಬರೆದ ಚಿತ್ರ 149 ವರ್ಷದ ನಂತರ ದ್ವೇಷಕ್ಕೇ ಸಾಕ್ಷಿ ಹೇಳ್ತು.

ಆದ್ರೆ ಇಲ್ಲೂ ಹುಷಾರು. ಧರ್ಮಬೋಧನೆಗೆ ತೆರಿಗೆ ಹಣ ಬೇಡ ಅಂದವರೆಲ್ಲ ದ್ವೇಷಿಗಳಲ್ಲ. ಜೇಮ್ಸ್ ಮ್ಯಾಡಿಸನ್ 1785ರಲ್ಲೇ ಅದನ್ನು ವಾದಿಸಿದ್ದ. ಮೊಂಟಾನಾ 1972ರಲ್ಲಿ ಹೊಸ ಸಂವಿಧಾನ ಬರೆದಾಗಲೂ ಆ ನಿಯಮ ಉಳಿಸಿಕೊಂಡಿತ್ತು, ಆಗ ಯಾರೂ ಬಿಷಪ್‌ಗಳಿಗೆ ಹೆದರಿ ಕೂತಿರಲಿಲ್ಲ. ಒಂದು ಚಿತ್ರ ಒಂದು ಕಾನೂನಿನ ಪೂರ್ತಿ ಚರಿತ್ರೆ ಆಗಲ್ಲ.

ನಮ್ಮ ಫೋನಿಗೂ ದಿನಾ ಇಂಥ ಚಿತ್ರ ಬರುತ್ತೆ. ಶಾಲೆ, ಮಗು, ಮೇಲೆರಗೋ ಯಾವುದೋ ಪ್ರಾಣಿ. ಫಾರ್ವರ್ಡ್ ಮಾಡೋ ಮುಂಚೆ ಮೇಷ್ಟ್ರ ಎದೆಯಲ್ಲಿರೋ ಪುಸ್ತಕ ಯಾವುದು ಅಂತ ಒಮ್ಮೆ ನೋಡಿ. ಗಂಗೆಯ ಮಕ್ಕಳಾದ ನಮ್ಮನ್ನೂ ಯಾರೋ ಹಾಗೇ ಬರೆದಿದ್ದರು, ನಮ್ಮನ್ನು ಒಂದು ಮಾತೂ ಕೇಳದೆ.