ನಾಯಿಯ ಶಿಕ್ಷಣಕ್ಕೆ ಹಿಡಿಯುವ ಕಾಲ

ನಾಯಿಯ ಬಾಲಕ್ಕೆ ದಬ್ಬೆ ಕಟ್ಟುವ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಎಷ್ಟು ಕಾಲ ಕಟ್ಟಿದ್ದರೂ ಬಿಚ್ಚಿದೊಡನೆ ಅದು ಮೊದಲಿನಂತೆಯೇ ಡೊಂಕಾಗುವುದೆಂದು ಗಾದೆಯ ತಾತ್ಪರ್ಯ. ಬಾಲದ ಮಟ್ಟಿಗೆ ಈ ಮಾತು ನಿಜವೇ. ಆದರೆ ನಾಯಿಯ ನಡತೆಯ ವಿಷಯದಲ್ಲಿಯೂ ಇದನ್ನೇ ನಂಬುವವರು ಬಹುಮಂದಿ. ಮರಿಯೊಂದನ್ನು ಮನೆಗೆ ತಂದು ಹದಿನೈದು ದಿನ ಕಳೆಯುವಷ್ಟರಲ್ಲಿ, ಕರೆದರೆ ಬರುವುದಿಲ್ಲ, ಪಾದರಕ್ಷೆಗಳನ್ನು ಕಚ್ಚುತ್ತದೆ, ಬಂದವರ ಮೇಲೆ ಹಾರುತ್ತದೆ ಎಂದು ಬೇಸರಗೊಳ್ಳುತ್ತಾರೆ. ತಿಂಗಳು ತುಂಬುವುದರೊಳಗೆ ಹೊಡೆತ ಆರಂಭವಾಗುತ್ತದೆ. ವರ್ಷ ತುಂಬುವುದರೊಳಗೆ ಆ ಪ್ರಾಣಿ ಬೀದಿಯ ಪಾಲಾಗುವುದೂ ಉಂಟು. ಇದರಲ್ಲಿ ನಾಯಿಯ ತಪ್ಪೆಷ್ಟು, ನಮ್ಮ ಆತುರದ ತಪ್ಪೆಷ್ಟು ಎಂಬುದನ್ನು ಚರಿತ್ರೆಯ ಬೆಳಕಿನಲ್ಲಿ ವಿಚಾರಿಸೋಣ.

ಪ್ರಾಚೀನರು ಈ ಪ್ರಶ್ನೆಯನ್ನು ಹಗುರವಾಗಿ ಎಣಿಸಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಸಾರಮೇಯವಿನೋದವೆಂಬ ಪ್ರಕರಣವೇ ಉಂಟು. ಅರಸನು ಅರಿಯಬೇಕಾದ ವಿಷಯಗಳಲ್ಲಿ ನಾಯಿಯೂ ಒಂದೆಂದು ಆತನು ಭಾವಿಸಿದನು. ಅದಕ್ಕೂ ಬಹು ಹಿಂದೆ, ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ, ಗ್ರೀಕ್ ಲೇಖಕನಾದ ಕ್ಸೆನೊಫಾನನು ಬೇಟೆಯನ್ನು ಕುರಿತ ತನ್ನ ಗ್ರಂಥದಲ್ಲಿ, ಹೆಣ್ಣುಮರಿಯನ್ನು 8 ತಿಂಗಳಿಗೂ ಗಂಡುಮರಿಯನ್ನು 10 ತಿಂಗಳಿಗೂ ಬೇಟೆಗೆ ಕರೆದೊಯ್ಯಬಹುದೆಂದು ಬರೆದನು. ಕರೆಯುವುದಕ್ಕೆ ಸುಲಭವಾಗುವಂತೆ ಹೆಸರು ಚಿಕ್ಕದಾಗಿರಲಿ ಎಂದೂ ಹೇಳಿದನು. ಸುಮಾರು 500 ವರ್ಷಗಳ ಬಳಿಕ ಅದೇ ವಿಷಯವನ್ನು ಕುರಿತು ಬರೆದ ಆರಿಯನ್ನನಿಗೆ ಈ ಅವಧಿಯೂ ಸಾಲದೆಂದು ತೋರಿತು. ಗಂಡುನಾಯಿಗೆ 2 ವರ್ಷ ತುಂಬುವವರೆಗೆ ಮೊಲದ ಹಿಂದೆ ಓಡಿಸಬಾರದೆಂಬುದು ಆತನ ಮತ. ಅನುಭವ ಬೆಳೆದಂತೆ ಮನುಷ್ಯನು ಕಾಯುವ ಕಾಲವನ್ನು ಹೆಚ್ಚಿಸಿದನೇ ಹೊರತು ಕಡಮೆ ಮಾಡಲಿಲ್ಲವೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ.

ಆದರೆ ಈ ಕಾಲದ ಲೆಕ್ಕ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಂಧರಿಗೆ ದಾರಿ ತೋರುವ ನಾಯಿಗಳ ಚರಿತ್ರೆಯಲ್ಲಿ. ಬೇಟೆಯ ನಾಯಿ ತಪ್ಪಿದರೆ ಒಂದು ಮೊಲ ಉಳಿದುಕೊಳ್ಳುತ್ತದೆ; ಈ ನಾಯಿ ತಪ್ಪಿದರೆ ಮನುಷ್ಯನೊಬ್ಬನ ಪ್ರಾಣಕ್ಕೇ ಅಪಾಯ. ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಯೋಧರಿಗಾಗಿ ಜರ್ಮನಿಯ ಓಲ್ಡೆನ್‌ಬರ್ಗ್ ಪಟ್ಟಣದಲ್ಲಿ ವೈದ್ಯ ಗೆರ್ಹಾರ್ಡ್ ಸ್ಟಾಲಿಂಗನು 1916ರಲ್ಲಿ ಇಂತಹ ನಾಯಿಗಳ ಮೊದಲ ಶಾಲೆಯನ್ನು ತೆರೆದನು. ಬೇಡಿಕೆ ಹೆಚ್ಚಿತು, ಅನೇಕ ಪಟ್ಟಣಗಳಲ್ಲಿ ಶಾಖೆಗಳಾದುವು, ವರ್ಷಕ್ಕೆ 600ರವರೆಗೂ ನಾಯಿಗಳು ಹೊರಬಂದುವು. ಆದರೆ ಸಂಖ್ಯೆ ಏರಿದಂತೆ ನಾಯಿಗಳ ಗುಣ ಇಳಿಯಿತೆಂಬ ಆಕ್ಷೇಪಗಳು ಎದ್ದುವು, ಮತ್ತು 1926ರ ಹೊತ್ತಿಗೆ ಆ ಸಂಸ್ಥೆ ಮುಚ್ಚಿಹೋಯಿತು. 1923ರಲ್ಲಿ ಪಾಟ್ಸ್‌ಡಾಮಿನಲ್ಲಿ ಆರಂಭವಾಗಿದ್ದ ಮತ್ತೊಂದು ಶಾಲೆ ಬೇರೆ ಹಾದಿ ಹಿಡಿದಿತ್ತು. ಅಲ್ಲಿ ಸುಮಾರು 100 ನಾಯಿಗಳಿಗೆ ಸ್ಥಳವಿದ್ದರೂ ತಿಂಗಳಿಗೆ ಹೊರಬರುತ್ತಿದ್ದುವು ಹೆಚ್ಚೆಂದರೆ 12.

ಆ ಶಾಲೆಯನ್ನು ನೋಡಿ ಬೆರಗಾದ ಅಮೆರಿಕದ ಮಹಿಳೆ ಡೊರೊಥಿ ಯೂಸ್ಟಿಸ್ ಎಂಬಾಕೆ 1927ರಲ್ಲಿ ಒಂದು ಪತ್ರಿಕಾಲೇಖನವನ್ನು ಬರೆದಳು. ಮಾರಿಸ್ ಫ್ರಾಂಕ್ ಎಂಬ ಅಂಧ ತರುಣನಿಗೆ ಅದರ ವಿಚಾರ ತಿಳಿದು, ಆತನು 1928ರಲ್ಲಿ ಸ್ವಿಟ್ಸರ್ಲೆಂಡಿನಲ್ಲಿದ್ದ ಆಕೆಯ ನಾಯಿಶಾಲೆಗೆ ಹೋದನು. ಬಡ್ಡಿ ಎಂಬ ನಾಯಿ ಆತನ ಕೈಸೇರುವ ಮೊದಲೇ ಪಳಗಿತ್ತು. ಆದರೂ ಆತನು ಅದನ್ನು ಪಡೆದ ದಿನವೇ ಊರಿಗೆ ಹಿಂದಿರುಗಲಾಗಲಿಲ್ಲ. ನಾಯಿಯ ಎದೆಪಟ್ಟಿಯ ಹಿಡಿಯಿಂದ ಬರುವ ಸೂಚನೆಯನ್ನು ಅರಿಯುವುದಕ್ಕೂ ಅದನ್ನು ನಂಬಿ ಹೆಜ್ಜೆಯಿಡುವುದಕ್ಕೂ ಆತನೇ ಅಲ್ಲಿ ವಾರಗಟ್ಟಲೆ ವಿದ್ಯಾರ್ಥಿಯಾಗಬೇಕಾಯಿತು. ಹಿಂದಿರುಗಿ ಬಂದು ನ್ಯೂಯಾರ್ಕಿನ ಜನನಿಬಿಡ ಬೀದಿಯನ್ನು ಬಡ್ಡಿಯೊಡನೆ ದಾಟಿದುದು ಪ್ರಸಿದ್ಧವಾಯಿತು. 1929ರ ಜನವರಿಯಲ್ಲಿ ಅಮೆರಿಕದ ಮೊದಲ ಶಾಲೆ ಸ್ಥಾಪಿತವಾಯಿತು. ಬೀದಿ ದಾಟಿದ ಆ ಕೆಲವು ನಿಮಿಷಗಳನ್ನು ಲೋಕವು ಕಂಡಿತು. ಅದರ ಹಿಂದಿದ್ದ ತಿಂಗಳುಗಳನ್ನು ಕಂಡವರು ಕೆಲವರೇ.

ಇಂದಿಗೂ ಇಂತಹ ಶಾಲೆಗಳಲ್ಲಿ ಸಾಮಾನ್ಯವಾಗಿ ನಡೆಯುವ ಕ್ರಮವಿದು. ಎರಡು ತಿಂಗಳ ಮರಿಯನ್ನು ಒಂದು ಗೃಹಸ್ಥ ಕುಟುಂಬಕ್ಕೆ ಒಪ್ಪಿಸುತ್ತಾರೆ. ಅದು ಅಲ್ಲಿ ಒಂದು ವರ್ಷ ಅಥವಾ ಅದಕ್ಕಿಂತ ತುಸು ಹೆಚ್ಚು ಕಾಲ ಬೆಳೆದು, ಮೆಟ್ಟಿಲು, ಸಂತೆ, ಗಾಡಿಯ ಗದ್ದಲ, ಮಕ್ಕಳು ಇವುಗಳಿಗೆಲ್ಲ ಒಗ್ಗುತ್ತದೆ. ಆ ಮೇಲೆ ಶಾಲೆಯಲ್ಲಿ ನುರಿತ ಶಿಕ್ಷಕರ ಕೈಯಲ್ಲಿ ಹಲವು ತಿಂಗಳ ಅಭ್ಯಾಸ. ಕೊನೆಗೆ ಒಡೆಯನೊಡನೆ ಕೆಲವು ವಾರಗಳ ಜಂಟಿ ಶಿಕ್ಷಣ. ಒಟ್ಟು ಸುಮಾರು 2 ವರ್ಷಗಳಾಗುತ್ತವೆ. ಹಾಗಿದ್ದರೂ ಎಲ್ಲ ನಾಯಿಗಳೂ ತೇರ್ಗಡೆಯಾಗುವುದಿಲ್ಲ. ಇದರಲ್ಲಿ ಅತ್ಯಂತ ಕಠಿನವಾದ ಪಾಠ ಅವಿಧೇಯತೆಯದು: ಎದುರಿಗೆ ವಾಹನ ಬರುತ್ತಿರುವಾಗ ಒಡೆಯನು ಮುಂದೆ ನಡೆಯೆಂದರೂ ನಾಯಿ ಕದಲಬಾರದು. ಆಜ್ಞೆಯನ್ನು ಪಾಲಿಸುವುದು ಬೇಗ ಬರುತ್ತದೆ. ಯಾವಾಗ ಪಾಲಿಸಬಾರದೆಂಬ ವಿವೇಕ ಬಹಳ ತಡವಾಗಿ ಬರುತ್ತದೆ.

ಸೈನ್ಯದಲ್ಲಿ ಇಷ್ಟು ಕಾಲ ಬೇಕಾಗಲಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಅದೂ ವಿಚಾರಾರ್ಹವಾದುದೇ. 1942ರಲ್ಲಿ ಅಮೆರಿಕದ ಸೈನ್ಯವು ನಾಯಿಗಳನ್ನು ಸೇರಿಸಿಕೊಳ್ಳತೊಡಗಿದಾಗ ಅವುಗಳ ಶಿಕ್ಷಣಕ್ಕೆ 8ರಿಂದ 12 ವಾರಗಳನ್ನು ಮಾತ್ರ ಗೊತ್ತುಮಾಡಿತ್ತು. ಆದರೆ ಅವು ಬೆಳೆದ ನಾಯಿಗಳು. ಕಲಿಸುವವರಿಗೆ ಬೇರೆ ಕೆಲಸವಿರಲಿಲ್ಲ. ಬಹುಪಾಲು ನಾಯಿಗಳಿಗೆ ಕಾವಲಿನಂತಹ ಒಂದೇ ಕೆಲಸ ಸಾಕಾಗಿತ್ತು. ಅಷ್ಟಾಗಿಯೂ, ಸಂಗ್ರಹಿಸಿದ ಸುಮಾರು 19,000 ನಾಯಿಗಳಲ್ಲಿ ನೂರಕ್ಕೆ 45ರಷ್ಟನ್ನು ಅನರ್ಹವೆಂದು ಹಿಂದಿರುಗಿಸಬೇಕಾಯಿತು. ನೆಲದಲ್ಲಿ ಹೂತ ಸಿಡಿಗುಂಡುಗಳನ್ನು ಪತ್ತೆಮಾಡಲು ವಿದ್ಯುತ್ತಿನ ಆಘಾತದಿಂದ ಕಲಿಸಿದ ನಾಯಿಗಳಂತೂ ರಣರಂಗದಲ್ಲಿ ಪ್ರಯೋಜನಕ್ಕೆ ಬರಲಿಲ್ಲ. ಅಭ್ಯಾಸದ ಬಯಲಿನಲ್ಲಿ ಕಲಿತದ್ದು ಪರಸ್ಥಳದಲ್ಲಿ ನಿಲ್ಲಬೇಕಾದರೆ ಭಯವೊಂದೇ ಸಾಲದು.

ಇತ್ತೀಚಿನ ವಿಜ್ಞಾನವೂ ಇದಕ್ಕೆ ಅನುಗುಣವಾಗಿಯೇ ಇದೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿದ್ವಾಂಸರು 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮರಿಯು ಜನರೊಡನೆ ಸಹಜವಾಗಿ ಹೊಂದಿಕೊಳ್ಳುವ ಕಾಲ 3ನೆಯ ವಾರದಿಂದ 12ನೆಯ ವಾರದವರೆಗೆ ಎಂದು ತೋರಿಸಿದರು. 2020ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಒಂದು ಸಂಶೋಧನೆಯಂತೆ, 5ನೆಯ ತಿಂಗಳಿನಲ್ಲಿ ಮಾತು ಕೇಳುತ್ತಿದ್ದ ಮರಿ 8ನೆಯ ತಿಂಗಳಿನಲ್ಲಿ ಸಾಕಿದವರ ಮಾತನ್ನೇ ಮೀರುತ್ತದೆ. ಪರರು ಹೇಳಿದರೆ ಮಾತ್ರ ಕೇಳುತ್ತದೆ. ಹರೆಯ ಕಳೆದ ಮೇಲೆ ಈ ಮೊಂಡತನ ತಾನಾಗಿಯೇ ಇಳಿಯುತ್ತದೆ. ಆದರೆ ಮನೆಯವರು ತಾಳ್ಮೆಗೆಟ್ಟು ನಾಯಿಯನ್ನು ಹೊರಗಟ್ಟುವುದು ಅನೇಕವೇಳೆ ಇದೇ ವಯಸ್ಸಿನಲ್ಲಿ. ಕಲಿತದ್ದು ಅಳಿಸಿಹೋಯಿತೆಂದು ಅವರು ತಿಳಿಯುತ್ತಾರೆ, ಅದು ಅಳಿದಿರುವುದಿಲ್ಲ.

ಹಾಗಾದರೆ ಗೃಹಸ್ಥನು ಎಷ್ಟನ್ನು ನಿರೀಕ್ಷಿಸಬಹುದು? ಕುಳಿತುಕೊಳ್ಳೆಂದರೆ ಕುಳಿತುಕೊಳ್ಳುವುದನ್ನು ಮರಿ ಕೆಲವೇ ದಿನಗಳಲ್ಲಿ ಕಲಿಯುತ್ತದೆ. ಮನೆಯೊಳಗೆ ಗಲೀಜು ಮಾಡದಿರುವುದಕ್ಕೆ ಕೆಲವು ತಿಂಗಳುಗಳು ಬೇಕು. ಬೀದಿಯಲ್ಲಿ ಬೇರೊಂದು ನಾಯಿ ಎದುರಾದಾಗಲೂ ಕರೆದೊಡನೆ ಹಿಂದಿರುಗಬೇಕಾದರೆ ವರ್ಷವೇ ಹಿಡಿಯಬಹುದು. ದಿನಕ್ಕೆ ಕೆಲವು ನಿಮಿಷಗಳ ಪಾಠ, ಒಂದೇ ಮಾತಿಗೆ ಮನೆಮಂದಿಯೆಲ್ಲ ಒಂದೇ ಅರ್ಥವನ್ನು ಇಟ್ಟುಕೊಳ್ಳುವುದು, ಸರಿಯಾಗಿ ಮಾಡಿದಾಗ ಒಂದು ತುತ್ತು, ಇಷ್ಟೇ ಇದರ ಗುಟ್ಟು. ಇವುಗಳಲ್ಲಿ ಯಾವುದೂ ಕಷ್ಟವಲ್ಲ. ನಿತ್ಯವೂ ಮಾಡುವುದೇ ಕಷ್ಟ.

ಬಡ್ಡಿ 1938ರಲ್ಲಿ ತೀರಿಕೊಂಡಿತು. ಮುಂದೆ ಫ್ರಾಂಕನು ಪಡೆದ ನಾಯಿಗಳಿಗೆಲ್ಲ ಅದೇ ಹೆಸರನ್ನಿಟ್ಟನು. ಹೆಸರು ಒಂದೇ ಆದರೂ ಪ್ರತಿಯೊಂದು ನಾಯಿಯೊಡನೆಯೂ ಆತನು ಪಾಠವನ್ನು ಮೊದಲಿನಿಂದಲೇ ತೊಡಗಬೇಕಾಗಿತ್ತು. ಮನೆಗೆ ಮರಿಯನ್ನು ತರುವ ಮುನ್ನ ನಾವು ಕೇಳಿಕೊಳ್ಳಬೇಕಾದುದು ಅದು ಎಷ್ಟು ದಿನದಲ್ಲಿ ಕಲಿಯುವುದೆಂದಲ್ಲ, ನಾವು ಎಷ್ಟು ದಿನ ಕಲಿಸಬಲ್ಲೆವೆಂದು. ಅದಕ್ಕೆ ಒಂದೆರಡು ವರ್ಷವೆಂದು ಧೈರ್ಯವಾಗಿ ಉತ್ತರ ಕೊಡಬಲ್ಲವರು ಮರಿಯನ್ನು ತರಲಿ. ಕೊಡಲಾರದವರು ತರದಿರುವುದೇ ಆ ಪ್ರಾಣಿಗೆ ತೋರುವ ದಯೆ.