ಲಾಕ್‌ಡೌನ್ ಬೇಕಿತ್ತಾ, ಬೇಡವಾಗಿತ್ತಾ? ಹಾಸನ ಜಿಲ್ಲೆಯ ಎರಡು ವರ್ಷಗಳ ಲೆಕ್ಕ

ಕೊರೊನಾದ ಹೊಸ ತಳಿಯೊಂದರ ಹೆಸರು ಟಿವಿಯಲ್ಲಿ ಬಂದರೆ ಸಾಕು, ವಾಟ್ಸ್ಯಾಪ್ ಗುಂಪುಗಳಲ್ಲಿ ಎರಡು ಬಗೆಯ ಫಾರ್ವರ್ಡ್‌ಗಳು ಓಡಾಡಲು ಶುರುವಾಗುತ್ತವೆ. ‘ಮತ್ತೆ ಲಾಕ್‌ಡೌನ್ ಗ್ಯಾರಂಟಿ, ತಿಂಗಳ ದಿನಸಿ ತಂದಿಟ್ಟುಕೊಳ್ಳಿ’ ಎನ್ನುವುದು ಒಂದು. ‘ಲಾಕ್‌ಡೌನ್‌ನಿಂದ ಒಂದು ಜೀವವೂ ಉಳಿಯಲಿಲ್ಲ, ಬಡವರ ಹೊಟ್ಟೆಗೆ ಹೊಡೆದದ್ದಷ್ಟೇ’ ಎನ್ನುವುದು ಇನ್ನೊಂದು. ಎರಡನ್ನೂ ಒಬ್ಬರೇ ಕಳಿಸುವುದೂ ಉಂಟು, ಬೆಳಿಗ್ಗೆ ಒಂದು, ಸಂಜೆ ಒಂದು.

ಈ ಜಗಳವನ್ನು ಅರ್ಥ ಮಾಡಿಕೊಳ್ಳಲು ಹಾಸನ ಜಿಲ್ಲೆ ಒಳ್ಳೆಯ ಉದಾಹರಣೆ. 2020ರಲ್ಲಿ ಇಲ್ಲಿ ಒಂದೂ ಪ್ರಕರಣ ಇಲ್ಲದಿದ್ದಾಗ ಲಾಕ್‌ಡೌನ್ ಬಂತು. 2021ರಲ್ಲಿ ಸೋಂಕು ಹಳ್ಳಿಗಳನ್ನು ತಲುಪುತ್ತಿದ್ದಾಗ ಬಂತು, ರಾಜ್ಯದ ಎಷ್ಟೋ ಜಿಲ್ಲೆಗಳಿಗಿಂತ ಹೆಚ್ಚು ದಿನ ಉಳಿಯಿತು. ಎರಡೂ ಸಲ ‘ಬೇಕು’, ‘ಬೇಡ’ ಎನ್ನುವವರಿಬ್ಬರಿಗೂ ಕಾರಣಗಳಿದ್ದವು.

ಮೊದಲು ಎರಡು ಹಳೆಯ ಫಾರ್ವರ್ಡ್‌ಗಳು

2020ರ ಮಾರ್ಚ್ 22ರ ಜನತಾ ಕರ್ಫ್ಯೂ ನೆನಪಿದೆಯಲ್ಲ? ಬೆಳಿಗ್ಗೆ 7ರಿಂದ ರಾತ್ರಿ 9ರವರೆಗೆ, ಒಟ್ಟು 14 ಗಂಟೆ. ‘ವೈರಸ್ಸಿನ ಆಯಸ್ಸು 12 ಗಂಟೆ, 14 ಗಂಟೆ ಮನೆಯಲ್ಲಿದ್ದರೆ ಕೊಂಡಿ ಕಡಿಯುತ್ತದೆ’ ಎಂಬ ಸಂದೇಶ ಆಗ ದೇಶವೆಲ್ಲ ಸುತ್ತಿತು. ಇದು ತಪ್ಪು. ಬಾಗಿಲ ಚಿಲಕದ ಮೇಲೆ ವೈರಸ್ ಎಷ್ಟು ಹೊತ್ತು ಬದುಕುತ್ತದೆ ಎನ್ನುವುದು ಇಲ್ಲಿ ಮುಖ್ಯವೇ ಅಲ್ಲ. ಅದು ಮನುಷ್ಯನ ಮೂಗು, ಗಂಟಲಿನಲ್ಲಿ ದಿನಗಟ್ಟಲೆ ಬೆಳೆಯುತ್ತದೆ. ಸೋಂಕು ತಗುಲಿ ಲಕ್ಷಣ ಕಾಣಿಸಿಕೊಳ್ಳಲು ಆಗ ಸರಾಸರಿ ಐದಾರು ದಿನ, ಕೆಲವರಲ್ಲಿ 14 ದಿನದವರೆಗೂ ಹಿಡಿಯುತ್ತಿತ್ತು. ಕ್ವಾರಂಟೈನ್ ಅವಧಿ 14 ದಿನ ಆದದ್ದು ಹಾಗೆ.

ಇನ್ನೊಂದು, ವಿಶ್ವ ಆರೋಗ್ಯ ಸಂಸ್ಥೆಯ ‘ಲಾಕ್‌ಡೌನ್ ವೇಳಾಪಟ್ಟಿ’. ಮೊದಲು 1 ದಿನ, ಆಮೇಲೆ 21 ದಿನ, ನಡುವೆ 5 ದಿನ ಬಿಡುವು, ಮತ್ತೆ 28 ದಿನ, ಹೀಗೆ. ನೋಡಲು ಸರ್ಕಾರಿ ಆದೇಶದಂತೆಯೇ ಇತ್ತು. ಇಂಥ ಯಾವ ಪಟ್ಟಿಯನ್ನೂ ತಾನು ಮಾಡಿಲ್ಲ ಎಂದು ಆ ಸಂಸ್ಥೆಯೇ 2020ರ ಏಪ್ರಿಲ್‌ನಲ್ಲಿ ಹೇಳಿತು. ಆದರೂ ದಿನಾಂಕ ಬದಲಿಸಿಕೊಂಡು ಇದು ಓಡಾಡುತ್ತಲೇ ಇತ್ತು. ಮೊದಲ ಎರಡು ಅಂಕಿ ನಿಜಕ್ಕೂ ನಡೆದು ಹೋದದ್ದರಿಂದ ಮುಂದಿನದೂ ನಿಜವಿರಬೇಕು ಎಂದು ಜನ ನಂಬಿದರು.

ಲಾಕ್‌ಡೌನ್ ಮಾಡುವ ಅಧಿಕಾರ ಯಾರಿಗೆ?

ಲಾಕ್‌ಡೌನ್ ಎಂಬ ಹೆಸರಿನ ಕಾನೂನೇ ನಮ್ಮಲ್ಲಿಲ್ಲ. 2020ರ ಮಾರ್ಚ್ 25ರಿಂದ ದೇಶ ಮುಚ್ಚಿದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ. ಅದರ ಜೊತೆಗಿದ್ದ ಸಾಂಕ್ರಾಮಿಕ ರೋಗಗಳ ಕಾಯ್ದೆ 1897ರದು, ಮುಂಬೈಗೆ ಪ್ಲೇಗ್ ಬಂದಾಗ ಬ್ರಿಟಿಷರು ಅವಸರದಲ್ಲಿ ಮಾಡಿದ್ದು. ಮರುವರ್ಷ ಪ್ಲೇಗ್ ಮೈಸೂರು ಸಂಸ್ಥಾನಕ್ಕೂ ಬಂತು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಥೆಯನ್ನು ನಿಮ್ಮ ಮನೆಯ ಹಿರಿಯರು ಅವರ ಹಿರಿಯರಿಂದ ಕೇಳಿರಬಹುದು. ಕರ್ನಾಟಕ 2020ರಲ್ಲಿ ತನ್ನದೇ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿಕೊಂಡಿತು.

ಜಿಲ್ಲೆಯಲ್ಲಿ ಆದೇಶಕ್ಕೆ ಸಹಿ ಹಾಕುವವರು ಜಿಲ್ಲಾಧಿಕಾರಿ. ಹಾಗೆಂದು ಅವರು ತಮಗೆ ತೋಚಿದಂತೆ ಮಾಡುವಂತಿರಲಿಲ್ಲ. ಕಂಟೈನ್‌ಮೆಂಟ್ ವಲಯದ ಹೊರಗೆ ಸ್ಥಳೀಯ ಲಾಕ್‌ಡೌನ್ ಮಾಡಬೇಕಾದರೆ ರಾಜ್ಯಗಳು ತನ್ನನ್ನು ಮೊದಲೇ ಕೇಳಬೇಕು ಎಂದು 2020ರ ಆಗಸ್ಟ್ ಕೊನೆಯಲ್ಲಿ ಕೇಂದ್ರ ಹೇಳಿತ್ತು. 2021ರ ಏಪ್ರಿಲ್ 20ರಂದು ಪ್ರಧಾನಿ ಲಾಕ್‌ಡೌನನ್ನು ಕೊನೆಯ ಅಸ್ತ್ರವಾಗಿ ಬಳಸಿ ಎಂದರು. ಅದಾಗಿ ಒಂದು ವಾರಕ್ಕೆ ಕರ್ನಾಟಕ ಮುಚ್ಚಿತು.

48 ದಿನ, ಸೊನ್ನೆ ಪ್ರಕರಣ

ಮಾರ್ಚ್ 25ರಿಂದ ಮೇ 11ರವರೆಗೆ ಎಣಿಸಿ, 48 ದಿನ. ಅಷ್ಟೂ ದಿನ ಹಾಸನದಲ್ಲಿ ಒಂದೂ ಪ್ರಕರಣ ಇರಲಿಲ್ಲ. ಮೇ 12ರಂದು ಮೊದಲ ಐದು ಪ್ರಕರಣ ಗೊತ್ತಾದವು, ಎಲ್ಲರೂ ಮುಂಬೈನಿಂದ ಚನ್ನರಾಯಪಟ್ಟಣ ತಾಲ್ಲೂಕಿಗೆ ಬಂದವರು. ಆ ಕಡೆಯ ಎಷ್ಟೋ ಮನೆಗಳಿಗೆ ಮುಂಬೈ ದುಡಿಮೆಯ ಊರು. ಕೆಲಸ ನಿಂತ ಮೇಲೆ ಅವರು ಬರಬೇಕಾದದ್ದು ತಮ್ಮ ಮನೆಗೇ. ‘ಮುಂಬೈಯವರು ರೋಗ ತಂದರು’ ಎಂಬ ಮಾತು ಆಗ ಬಹಳ ಕೇಳಿಬಂತು. ತಿಂಗಳುಗಟ್ಟಲೆ ಸಂಬಳವಿಲ್ಲದೆ ಸಣ್ಣ ಕೋಣೆಗಳಲ್ಲಿ ಕೂಡಿಹಾಕಿಕೊಂಡಿದ್ದವರ ಬಗ್ಗೆ ಆಡಿದ ಮಾತು ಅದು.

‘ಪರೀಕ್ಷೆಯೇ ಮಾಡದಿದ್ದರೆ ಪ್ರಕರಣ ಎಲ್ಲಿಂದ ಬರಬೇಕು’ ಎಂಬ ಪ್ರಶ್ನೆ ಸಹಜ. ಆಗ ಎಲ್ಲ ಕಡೆಯೂ ಪರೀಕ್ಷೆ ಕಡಿಮೆಯೇ. ಆದರೆ ಮಾರ್ಚ್‌ನಲ್ಲಿ ಐಸಿಎಂಆರ್‌ನ ಆರಂಭದ ಪಟ್ಟಿಯಲ್ಲಿದ್ದ ಕರ್ನಾಟಕದ ಐದು ಪ್ರಯೋಗಾಲಯಗಳಲ್ಲಿ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯದೂ ಒಂದು. ಜಿಲ್ಲೆಗೆ ಪರೀಕ್ಷೆಯ ಸೌಲಭ್ಯವೇ ಇರಲಿಲ್ಲ ಎನ್ನುವುದು ನಿಲ್ಲುವುದಿಲ್ಲ.

ಹಾಗಾದರೆ ಆ 48 ದಿನ ದಂಡವೇ? ಒಂದು ಲೆಕ್ಕ ಮಾಡೋಣ. ಲಾಕ್‌ಡೌನಿಗೆ ಮೊದಲು ದೇಶದಲ್ಲಿ ಪ್ರಕರಣಗಳು 3.4 ದಿನಕ್ಕೆ ಎರಡರಷ್ಟಾಗುತ್ತಿದ್ದವು, ಏಪ್ರಿಲ್ 20ರ ಹೊತ್ತಿಗೆ ಅದು 7.5 ದಿನಕ್ಕೆ ಬಂತು ಎಂದು ಆರೋಗ್ಯ ಸಚಿವಾಲಯ ಹೇಳಿತ್ತು. ಐದು ಪ್ರಕರಣ ಇವೆ ಎಂದುಕೊಳ್ಳಿ. 7.5 ದಿನದ ಲೆಕ್ಕದಲ್ಲಿ 30 ದಿನಕ್ಕೆ ಅದು ನಾಲ್ಕು ಸಲ ದುಪ್ಪಟ್ಟಾಗಿ 80 ಆಗುತ್ತದೆ. 3.4ರ ಲೆಕ್ಕದಲ್ಲಿ ಅದೇ 30 ದಿನಕ್ಕೆ ಎರಡು ಸಾವಿರ ದಾಟುತ್ತದೆ. 80 ಜನರನ್ನು ಜಿಲ್ಲಾ ಆಸ್ಪತ್ರೆ ನೋಡಿಕೊಳ್ಳಬಲ್ಲದು. ಎರಡು ಸಾವಿರ ಬಂದರೆ ಹಾಸಿಗೆ ಎಲ್ಲಿದೆ?

ಈ ಇಳಿಕೆಯ ಪೂರ್ತಿ ಪುಣ್ಯ ಲಾಕ್‌ಡೌನಿಗೇ ಸೇರುವುದಿಲ್ಲ. ಹೆದರಿ ಜನ ತಾವೇ ಮನೆಯಲ್ಲಿ ಕೂತಿದ್ದರು, ಶಾಲೆಗಳು ಮೊದಲೇ ಮುಚ್ಚಿದ್ದವು, ವಿಮಾನ ನಿಂತಿತ್ತು. ಯಾವುದರಿಂದ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ‘ಇಷ್ಟೇ ಲಕ್ಷ ಜೀವ ಉಳಿಯಿತು’ ಎಂದು ಖಚಿತ ಅಂಕಿ ಕೊಡುವ ಫಾರ್ವರ್ಡ್ ಬಂದರೆ ಅನುಮಾನದಿಂದಲೇ ನೋಡಿ. ಅವೆಲ್ಲ ಗಣಿತದ ಅಂದಾಜುಗಳು.

ಲಾಕ್‌ಡೌನ್ ರೋಗ ಗುಣಪಡಿಸುವುದಿಲ್ಲ, ಸಮಯ ಕೊಡುತ್ತದೆ. ಆ ಸಮಯದಲ್ಲಿ ಹಾಸಿಗೆ, ಆಮ್ಲಜನಕ, ಸಿಬ್ಬಂದಿ ಸಿದ್ಧವಾದರೆ ಅದಕ್ಕೆ ಬೆಲೆ. ರಾಜ್ಯದ ಇನ್ನೊಂದು ಜಿಲ್ಲೆಯನ್ನು ನೋಡಿ. ಚಾಮರಾಜನಗರ 2020ರ ಜೂನ್‌ವರೆಗೂ ಒಂದೂ ಪ್ರಕರಣವಿಲ್ಲದೆ ಉಳಿದು ಸುದ್ದಿಯಾಗಿತ್ತು. 2021ರ ಮೇ ಮೊದಲ ವಾರ ಅಲ್ಲಿನ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದೊಳಗೆ 24 ರೋಗಿಗಳು ಸತ್ತ ಸುದ್ದಿ ಬಂತು. ಎರಡರ ನಡುವೆ ಹೆಚ್ಚುಕಡಿಮೆ ಹನ್ನೊಂದು ತಿಂಗಳಿತ್ತು.

2021: ಬಸ್ಸು ಹತ್ತಿ ಬಂದ ಸೋಂಕು

ಎರಡನೇ ಅಲೆಯಲ್ಲಿ ಏಪ್ರಿಲ್ 26ರಂದು ರಾಜ್ಯ ಸರ್ಕಾರ ಘೋಷಿಸಿತು: ಮರುದಿನ ರಾತ್ರಿ 9ರಿಂದ 14 ದಿನ ಎಲ್ಲ ಬಂದ್. ನಡುವೆ ಉಳಿದದ್ದು ಒಂದು ದಿನ. ಬೆಂಗಳೂರಿನಿಂದ ಜನ ಗಂಟುಮೂಟೆ ಕಟ್ಟಿಕೊಂಡು ಊರುಗಳಿಗೆ ಹೊರಟರು, ಮೆಜೆಸ್ಟಿಕ್‌ನಲ್ಲಿ ಬಸ್ಸುಗಳು ತುಂಬಿ ತುಳುಕಿದವು. ಬೆಂಗಳೂರು–ಮಂಗಳೂರು ಹೆದ್ದಾರಿ ಚನ್ನರಾಯಪಟ್ಟಣ, ಹಾಸನಗಳ ಮೇಲೇ ಹಾಯುತ್ತದೆ. ಹೊಳೆನರಸೀಪುರ, ಅರಕಲಗೂಡಿಗೆ ಹೋಗುವವರೂ ಹೆಚ್ಚಾಗಿ ಈ ದಾರಿಯವರೇ.

‘ಲಾಕ್‌ಡೌನ್ ಬೇಡ’ ಎನ್ನುವವರ ಅತ್ಯಂತ ಗಟ್ಟಿ ವಾದ ಇರುವುದು ಇಲ್ಲಿ ಎಂದು ನನಗನ್ನಿಸುತ್ತದೆ. ಸೋಂಕು ಎಲ್ಲಕ್ಕಿಂತ ಹೆಚ್ಚಿದ್ದ ನಗರದಿಂದ, ಕಿಟಕಿ ಮುಚ್ಚಿದ ಬಸ್ಸಿನಲ್ಲಿ, ಆಸ್ಪತ್ರೆ ದೂರವಿರುವ ಹಳ್ಳಿಗೆ ಜನರನ್ನು ಕಳಿಸಿದ್ದು ಆ ಘೋಷಣೆಯೇ. ಆದರೆ ಏನೂ ಮಾಡದೆ ಬಿಡುವ ಸ್ಥಿತಿಯೂ ಇರಲಿಲ್ಲ. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಪ್ರಕರಣ ಬಂದವು. ಮೇ 10ರಿಂದ ನಿರ್ಬಂಧ ಇನ್ನೂ ಬಿಗಿಯಾಯಿತು. ಲಾಕ್‌ಡೌನ್ ಪರ ಇದ್ದ ವೈದ್ಯರೂ ವಿರೋಧಿಸುತ್ತಿದ್ದ ವ್ಯಾಪಾರಿಗಳೂ ತಡವಾಯಿತು ಎನ್ನುವುದರಲ್ಲಿ ಒಪ್ಪಬಹುದಿತ್ತು.

ಹಾಸನ ಜಿಲ್ಲಾಡಳಿತ ಇದರ ಮೇಲೆ ವಾರದ ಕೆಲವು ದಿನ ದಿನಸಿ ಅಂಗಡಿಗಳನ್ನೂ ಮುಚ್ಚಿಸಿತು. ಅಂಗಡಿ ತೆರೆಯುವ ದಿನ ಕಡಿಮೆಯಾದರೆ ಜನ ಕಡಿಮೆಯಾಗುತ್ತಾರೆಯೇ, ಅಥವಾ ನಾಲ್ಕು ಗಂಟೆಯೊಳಗೆ ಊರೆಲ್ಲ ಅಂಗಡಿ ಮುಂದೆ ಸೇರುತ್ತದೆಯೇ? ವೈರಸ್ ಹರಡುವ ಬಗೆ ನೋಡಿದರೆ, ಅದೇ ಜನ ಇಡೀ ದಿನದಲ್ಲಿ ಹಂಚಿಹೋಗುವುದೇ ಮೇಲು. ಮನೆ ಬಾಗಿಲಿಗೆ ಸಾಮಾನು ತಲುಪಿಸುವ ವ್ಯವಸ್ಥೆ ಇದ್ದರೆ ಮಾತ್ರ ಪೂರ್ತಿ ಮುಚ್ಚುವುದಕ್ಕೆ ಅರ್ಥ ಬರುತ್ತದೆ.

ಪಾಸಿಟಿವಿಟಿ ಎಂಬ ಶೇಕಡಾ

ಜೂನ್ 14ರಂದು ರಾಜ್ಯ ತೆರೆಯತೊಡಗಿದಾಗ ಬಿಗಿ ನಿರ್ಬಂಧ ಉಳಿದ 11 ಜಿಲ್ಲೆಗಳಲ್ಲಿ ಹಾಸನವೂ ಇತ್ತು. ಜೂನ್ 21ರಂದು ಪಕ್ಕದ ತುಮಕೂರು, ಮಂಡ್ಯಗಳಲ್ಲಿ ಸಂಜೆ 5ರವರೆಗೆ ಅಂಗಡಿ ತೆರೆದವು. ಹಾಸನದಲ್ಲಿ ಮಧ್ಯಾಹ್ನ 2ರವರೆಗೆ ಮಾತ್ರ. ಕಾರಣ ಪಾಸಿಟಿವಿಟಿ ದರ ಶೇ 5ರಿಂದ 10ರ ನಡುವೆ ಇದ್ದದ್ದು.

ನೂರು ಪರೀಕ್ಷೆಯಲ್ಲಿ ಎಷ್ಟು ಜನಕ್ಕೆ ಸೋಂಕು ಎನ್ನುವುದೇ ಈ ದರ. ಎರಡು ವಾರ ಶೇ 5ಕ್ಕಿಂತ ಕಡಿಮೆ ಇದ್ದರೆ ತೆರೆಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿತ್ತು. ಉಪಯುಕ್ತ ಅಳತೆ, ಆದರೆ ಬಗ್ಗುವಂಥದ್ದು. 1,000 ಪರೀಕ್ಷೆಯಲ್ಲಿ 100 ಬಂದರೆ ಶೇ 10. ಲಕ್ಷಣ ಇಲ್ಲದವರನ್ನೂ ಸೇರಿಸಿ 2,000 ಮಾಡಿ 120 ಬಂದರೆ ಶೇ 6. ಸೋಂಕಿತರು ಹೆಚ್ಚೇ ಸಿಕ್ಕಿದರು, ದರ ಇಳಿಯಿತು! ಇನ್ನು ಜಿಲ್ಲೆಗೊಂದು ದರ ಎಂದಾಗ ಹಾಸನ ನಗರದ ಅಂಕಿಗೆ ಅರಕಲಗೂಡಿನ ಮೂಲೆಯ ಹಳ್ಳಿಯ ಅಂಗಡಿಯೂ ಮುಚ್ಚುತ್ತದೆ. ಚನ್ನರಾಯಪಟ್ಟಣದ ಗಡಿಯವರಿಗೆ ಮಂಡ್ಯ ಜಿಲ್ಲೆಯ ಪೇಟೆಗಳು ಬೈಕಿನ ದಾರಿ. ಅಲ್ಲಿ ಸಂಜೆ 5ರವರೆಗೆ ಅಂಗಡಿ ಇದೆಯೆಂದರೆ ಹೋಗದವರು ಯಾರು?

ದುಡ್ಡು ಯಾವಾಗ ಬಂತು

ಬೇಸಾಯಕ್ಕೆ, ಕೃಷಿ ಮಾರುಕಟ್ಟೆಗೆ 2020ರ ಮಾರ್ಚ್ 27ರಂದೇ ವಿನಾಯಿತಿ ಸಿಕ್ಕಿತು. ಹಾಸನಕ್ಕೆ ಇದು ಸಣ್ಣ ಮಾತಲ್ಲ. ಇಲ್ಲಿನ ಆಲೂಗಡ್ಡೆ ಬಿತ್ತನೆ ಬೀಜ ಬರುವುದು ಪಂಜಾಬಿನ ಜಲಂಧರ್ ಕಡೆಯಿಂದ, ಲಾರಿಯಲ್ಲಿ. ಮುಂಗಾರು ಶುರುವಾಗುವ ಹೊತ್ತಿಗೆ ಅದು ಎಪಿಎಂಸಿಗೆ ಬಂದಿರಬೇಕು. ಲಾಕ್‌ಡೌನಿಗಾಗಿ ಮಳೆ ಕಾಯುವುದಿಲ್ಲವಲ್ಲ. ಹಾಲಿನ ಡೇರಿಗಳೂ ನಿಲ್ಲಲಿಲ್ಲ.

ಕ್ಷೌರಿಕರು, ಆಟೊ ಓಡಿಸುವವರು, ಸಂತೆಯಲ್ಲಿ ಬಟ್ಟೆ ಮಾರುವವರಿಗೆ ಅಂಥ ವಿನಾಯಿತಿ ಇರಲಿಲ್ಲ. 2020ರಲ್ಲಿ ಕೇಂದ್ರ ಎರಡೇ ದಿನದಲ್ಲಿ ಉಚಿತ ಅಕ್ಕಿ, ಮಹಿಳೆಯರ ಜನಧನ ಖಾತೆಗೆ ಮೂರು ತಿಂಗಳು 500 ರೂಪಾಯಿ ಘೋಷಿಸಿತು. ರಾಜ್ಯದ 1,610 ಕೋಟಿ ರೂಪಾಯಿ ಪ್ಯಾಕೇಜ್ ಬಂದದ್ದು ಮೇ 6ರಂದು, ಲಾಕ್‌ಡೌನಿನ 43ನೇ ದಿನ. ಕ್ಷೌರಿಕರು, ಅಗಸರು, ಆಟೊ ಚಾಲಕರಿಗೆ ಒಂದು ಸಲ 5,000 ರೂಪಾಯಿ. 2021ರಲ್ಲಿ 1,250 ಕೋಟಿ ಪ್ಯಾಕೇಜ್ ಮೇ 19ರಂದು, ಅಂದರೆ ಬಂದ್ ಶುರುವಾಗಿ ಮೂರು ವಾರ ಕಳೆದ ಮೇಲೆ. ಆಟೊ ಚಾಲಕರಿಗೆ 3,000, ಕ್ಷೌರಿಕರಿಗೆ 2,000. ಘೋಷಣೆ ಬೇರೆ, ಅರ್ಜಿ ಹಾಕಿ ಖಾತೆಗೆ ಬೀಳುವುದು ಬೇರೆ.

ಸುಪ್ರೀಂ ಕೋರ್ಟ್ 2021ರ ಏಪ್ರಿಲ್ 30ರ ಆದೇಶದಲ್ಲಿ ಎರಡನ್ನೂ ಒಟ್ಟಿಗೆ ಹೇಳಿತ್ತು: ಸರ್ಕಾರಗಳು ಲಾಕ್‌ಡೌನ್ ಬಗ್ಗೆ ಯೋಚಿಸಬಹುದು, ಆದರೆ ಮಾಡುವುದಾದರೆ ದುರ್ಬಲರಿಗೆ ಬೇಕಾದ ವ್ಯವಸ್ಥೆ ಮೊದಲೇ ಆಗಿರಬೇಕು. ಫಾರ್ವರ್ಡ್‌ಗಳಲ್ಲಿ ಮೊದಲ ಅರ್ಧ ಓಡಾಡಿತು.

‘ಸ್ವೀಡನ್ ಮುಚ್ಚಲೇ ಇಲ್ಲ’

ನಿಜ, ಅಲ್ಲಿ ಕಡ್ಡಾಯ ಲಾಕ್‌ಡೌನ್ ಇರಲಿಲ್ಲ. 2020ರ ಮೊದಲ ತಿಂಗಳುಗಳಲ್ಲಿ ಪಕ್ಕದ ನಾರ್ವೆ, ಫಿನ್ಲೆಂಡಿಗಿಂತ ಅಲ್ಲಿ ಸಾವು ಬಹಳ ಹೆಚ್ಚಾದದ್ದೂ ನಿಜ. ಮೂರು ವರ್ಷದ ಒಟ್ಟು ಲೆಕ್ಕದಲ್ಲಿ ಯುರೋಪಿನಲ್ಲೇ ಕಡಿಮೆ ಹೆಚ್ಚುವರಿ ಸಾವು ಕಂಡ ದೇಶಗಳಲ್ಲಿ ಅದು ಒಂದಾದದ್ದೂ ನಿಜ. ಬಲವಂತದ ಲಾಕ್‌ಡೌನ್ ಬೇಡವೆಂದದ್ದು ಸರಿ, ಆದರೆ ಆರಂಭದಲ್ಲೇ ಇನ್ನಷ್ಟು ಕಠಿಣ ಕ್ರಮ ಬೇಕಿತ್ತು ಎಂದು ಅಲ್ಲಿನ ಸರ್ಕಾರಿ ಆಯೋಗವೇ 2022ರಲ್ಲಿ ಹೇಳಿತು. ಜ್ವರ ಬಂದರೆ ಸಂಬಳದ ಸಮೇತ ಮನೆಯಲ್ಲಿರಬಲ್ಲ ಜನ ಹೆಚ್ಚಿರುವ ದೇಶ ಅದು. ಅರಕಲಗೂಡಿನ ದಿನಗೂಲಿಯವರಿಗೆ ಆ ಅನುಕೂಲ ಎಲ್ಲಿದೆ?

ಮುಂದಿನ ಫಾರ್ವರ್ಡ್ ಬಂದಾಗ

‘ನಾಳೆಯಿಂದ ಹಾಸನ ಬಂದ್’ ಎಂಬ ಚಿತ್ರ ಬಂದರೆ ಹಂಚುವ ಮೊದಲು ಆದೇಶದ ಸಂಖ್ಯೆ, ದಿನಾಂಕ, ಯಾವ ಕಾಯ್ದೆಯ ಯಾವ ಕಲಂ, ಎಂದಿನಿಂದ ಎಂದಿನವರೆಗೆ, ಸಹಿ ಯಾರದು ಎಂದು ನೋಡಿ. ಇಸವಿಯನ್ನು ವಿಶೇಷವಾಗಿ ನೋಡಿ. ಹಳೆಯ ಆದೇಶದ ಮೇಲಿನ ಸಾಲು ಕತ್ತರಿಸಿ ಕಳಿಸುವುದೇ ಸುಲಭದ ಉಪಾಯ. ಜಿಲ್ಲೆಯ ಅಧಿಕೃತ ಜಾಲತಾಣ ಹಾಸನ ಡಾಟ್ ಎನ್‌ಐಸಿ ಡಾಟ್ ಇನ್. ಆದೇಶ ನಿಜವೇ ಆಗಿದ್ದರೆ, ಅದರಲ್ಲಿ ಪರಿಹಾರದ ಬಗ್ಗೆ, ಡಯಾಲಿಸಿಸ್‌ಗೆ, ಹೆರಿಗೆಗೆ ತಾಲ್ಲೂಕಿನಿಂದ 30–40 ಕಿಲೋಮೀಟರ್ ದೂರದ ಹಾಸನಕ್ಕೆ ಹೋಗಬೇಕಾದವರ ಬಗ್ಗೆ ಏನು ಬರೆದಿದೆ ಎಂದು ಓದಿ. ಏನೂ ಬರೆದಿಲ್ಲವಾದರೆ ನಿಮ್ಮ ಶಾಸಕರನ್ನೂ ಜಿಲ್ಲಾಧಿಕಾರಿ ಕಚೇರಿಯನ್ನೂ ಕೇಳಿ, ಆದೇಶ ಜಾರಿಯಾಗುವ ಮೊದಲೇ.